ಬಿಟ್ಟ ಲಗಾಮನ್ನು ಮತ್ತೆ ಹಿಡಿದಾಗ



ಈ ತಿಂಗಳ ಲೇಖನವನ್ನು ನರಿಕೊಂಬಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಪಾಣೆಮಂಗಳೂರಿನ ಮಗ್ಗುಲಿಗೆ, ನೇತ್ರಾವತಿಯ ದಂಡೆಯ ಮೇಲಿರುವ ಈ ಊರಿನಲ್ಲಿ ನನ್ನ ತಂಗಿಯ ಮಗಳ ಮನೆಯಿದೆ. ಈ ಸೀಮೆಯಲ್ಲಿ ಕುದುರೆಯೆಂದರೆ ದೈವಸ್ಥಾನದಲ್ಲಿ ನಿಂತಿರುವ ಮರದ ಕುದುರೆ, ಇಲ್ಲವೇ ಯಕ್ಷಗಾನದ ಅಶ್ವಮೇಧದ ಕುದುರೆ. ಜೀವಂತ ಕುದುರೆಯನ್ನು ಕಾಣುವುದು ಅಪರೂಪ. ಹೀಗಿದ್ದರೂ ಈ ಮನೆಯ ಪಡಸಾಲೆಯ ಮೂಲೆಯಲ್ಲಿ ಮೊಣಕಾಲಿನವರೆಗೆ ಬರುವ ಒಂದು ಜೊತೆ ಕರಿಯ ಬೂಟುಗಳಿವೆ. ಅವುಗಳ ಕಥೆಯನ್ನೇ ಈ ಸಲ ಹೇಳಬೇಕೆಂದಿದ್ದೇನೆ. ಅದರಲ್ಲಿ ನನ್ನದೂ ಒಂದು ತಪ್ಪು ಸೇರಿಕೊಂಡಿದೆ.

ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಈ ಹುಡುಗಿ ಬೆಂಗಳೂರಿನಲ್ಲಿ ಓದುತ್ತಿದ್ದಳು. ಅಲ್ಲಿಯೇ ಕುದುರೆ ಸವಾರಿ ಕಲಿತು, ಎರಡು ಮೂರು ಸ್ಪರ್ಧೆಗಳಲ್ಲಿಯೂ ಭಾಗವಹಿಸಿದ್ದಳು. ಒಂದು ದಿನ ಕುದುರೆ ಬೆದರಿತು. ಅವಳು ಬಿದ್ದು ಹೆಗಲಿನ ಮೂಳೆ ಮುರಿದುಕೊಂಡಳು. ಮನೆಯವರೆಲ್ಲ ಕೂಡಿ ಚರ್ಚಿಸಿದರು. ಮಠದಲ್ಲಿ ಓದಿದವನೆಂದು ಕಡೆಯ ಮಾತನ್ನು ನನಗೆ ಬಿಟ್ಟರು. ನಾನು ಕಠೋಪನಿಷತ್ತಿನ ದೃಷ್ಟಾಂತವನ್ನು ಎತ್ತಿಕೊಂಡೆ. ದೇಹವೇ ರಥ, ಇಂದ್ರಿಯಗಳೇ ಕುದುರೆಗಳು, ಮನಸ್ಸೇ ಲಗಾಮು. ಆ ಕುದುರೆಗಳನ್ನು ಆಳುವುದೇ ನಿಜವಾದ ಸವಾರಿ, ನಾಳೆ ಮದುವೆಯಾಗಿ ಹೋಗುವ ಹುಡುಗಿಗೆ ಲಾಯದ ಕುದುರೆಯ ಹಂಗೇಕೆ ಎಂದುಬಿಟ್ಟೆ. ಎಲ್ಲರೂ ತಲೆದೂಗಿದರು. ಅವಳು ಎದುರು ಮಾತನಾಡಲಿಲ್ಲ. ಹೀಗೆ ತೀರ್ಪು ಕೊಟ್ಟ ನಾನು ಅದುವರೆಗೆ ಒಂದು ಕುದುರೆಯ ಕೊರಳನ್ನೂ ಸವರಿದವನಲ್ಲ.

ಮದುವೆಯಾಯಿತು, ಮಕ್ಕಳಾದರು, ಅತ್ತೆಯವರ ಶುಶ್ರೂಷೆಯಲ್ಲಿ ವರ್ಷಗಳು ಕಳೆದವು. ಹಿರಿಯ ಮಗಳು ಓದಲು ಬೆಂಗಳೂರು ಸೇರಿದ ವರ್ಷ, ಅವಳನ್ನು ನೋಡಲು ಹೋದಾಗಲೆಲ್ಲ ಊರ ಹೊರಗಿನ ಒಂದು ಸವಾರಿ ಶಾಲೆಯ ಬೇಲಿಯ ಬಳಿ ಹೋಗಿ ನಿಲ್ಲತೊಡಗಿದಳಂತೆ. ನಾಲ್ಕನೆಯ ಸಲ ಒಳಗೆ ಹೋಗಿ ವಿಚಾರಿಸಿದಳು. ಅಲ್ಲಿಂದಾಚೆ ತಿಂಗಳಿಗೆ ಎರಡು ಶುಕ್ರವಾರ ಬಿ.ಸಿ. ರೋಡಿನಲ್ಲಿ ರಾತ್ರಿಯ ಬಸ್ಸು ಹತ್ತಿ, ಶಿರಾಡಿ ಘಾಟಿಯನ್ನೇರಿ, ಶನಿವಾರ ಭಾನುವಾರ ಸವಾರಿ ಮಾಡಿ ಸೋಮವಾರ ಬೆಳಗಿಗೆ ಮನೆಗೆ ಮರಳುವುದು ಅವಳ ನೇಮವಾಯಿತು. ಆಗ ಅವಳಿಗೆ ನಲವತ್ತೈದು. ಗಂಡ ಬೇಡವೆನ್ನಲಿಲ್ಲ. ನೆರೆಹೊರೆಯವರು ನಕ್ಕರು. ನನಗೆ ಮಾತ್ರ ಒಂದು ವರ್ಷ ತಿಳಿಸಿಯೇ ಇರಲಿಲ್ಲ. ಕಾರಣ ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವಳು ಅಭ್ಯಾಸ ಮಾಡುವುದು ಜೂಜಿನ ಓಟವನ್ನಲ್ಲ, ಡ್ರೆಸಾಜ್ ಎಂಬ ವಿದ್ಯೆಯನ್ನು. ಫ್ರೆಂಚ್ ಮೂಲದ ಈ ಪದಕ್ಕೆ ತರಬೇತಿ ಎಂದು ಅರ್ಥ. ನಾವು ಅಶ್ವಶಿಕ್ಷಣ ಎನ್ನಬಹುದು. 20 ಮೀಟರ್ ಅಗಲ, 40 ಅಥವಾ 60 ಮೀಟರ್ ಉದ್ದದ ಅಂಗಳದ ಅಂಚಿನಲ್ಲಿ ಅಕ್ಷರದ ಫಲಕಗಳಿರುತ್ತವೆ. ಗೊತ್ತಾದ ಅಕ್ಷರದ ಬಳಿ ಕುದುರೆ ಗೊತ್ತಾದ ನಡೆಯನ್ನು ಬದಲಿಸಬೇಕು, ವೃತ್ತವನ್ನು ಬಳಸಬೇಕು, ಕಂಬದಂತೆ ನಿಲ್ಲಬೇಕು. ಸವಾರರು ಬಾಯಿಂದ ಆಜ್ಞೆ ಮಾಡುವಂತಿಲ್ಲ. ಕೂರುವ ಭಂಗಿ, ಕಾಲಿನ ಸ್ಪರ್ಶ, ಬೆರಳಿನ ಬಿಗಿ ಇವಿಷ್ಟೇ ಭಾಷೆ. ಪ್ರತಿಯೊಂದು ಚಲನೆಗೂ ತೀರ್ಪುಗಾರರು 0ಯಿಂದ 10ರವರೆಗೆ ಅಂಕ ಕೊಟ್ಟು, ಕೊನೆಗೆ ಒಟ್ಟು ಮೊತ್ತವನ್ನು ಶೇಕಡಾ ಲೆಕ್ಕಕ್ಕೆ ತರುತ್ತಾರೆ. 6 ಬಂದರೆ ತೃಪ್ತಿಕರ.

ಇದು ಪರಕೀಯರ ವಿದ್ಯೆಯೆಂದು ಮೂಗು ಮುರಿಯಬೇಕಾಗಿಲ್ಲ. ಕುದುರೆಯ ಐದು ಗತಿಗಳನ್ನು ಅಮರಕೋಶ ಹೆಸರಿಸುತ್ತದೆ. ಧೌರಿತಕ, ವಲ್ಗಿತ, ಪ್ಲುತವೆಂದು ಬಾಲ್ಯದಲ್ಲಿ ನಾವು ಉರು ಹೊಡೆದದ್ದು ಅವುಗಳನ್ನೇ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಕುದುರೆ ಸವಾರಿಯ ವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಅವನಿಗಿಂತ ಬಹು ಹಿಂದೆ, ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ, ಗ್ರೀಸಿನ ಕ್ಸೆನೊಫೋನನು ಅಶ್ವಾರೋಹಣದ ಮೇಲೆ ಗ್ರಂಥ ಬರೆದು, ಹೊಡೆದು ಬಡಿದು ಕಲಿಸಿದ ಕುದುರೆಯಲ್ಲಿ ಚೆಲುವು ಮೂಡದೆಂದು ವಾದಿಸಿದನು.

ನಮ್ಮ ಹುಡುಗಿಗೆ ಸ್ವಂತ ಕುದುರೆಯಿಲ್ಲ. ಕುದುರೆ ಸಾಕುವುದೆಂದರೆ ಮೇವು, ಲಾಳ, ಲಾಯ, ವೈದ್ಯ, ಆಳು ಎಂದು ತಿಂಗಳು ತಿಂಗಳೂ ತಪ್ಪದ ಖರ್ಚು. ಅವಳಿಗೆ ದೊರೆತದ್ದು ಶಾಲೆಯ ಕುದುರೆ: ಹದಿನೇಳು ವರ್ಷದ, ಕಂದು ಬಣ್ಣದ, ಓಟದ ಪಂದ್ಯಗಳಿಂದ ನಿವೃತ್ತವಾಗಿ ಬಂದ ಪ್ರಾಣಿ. ಬೆಳಿಗ್ಗೆ ಪುಟ್ಟ ಮಕ್ಕಳು, ಅನಂತರ ಕಾಲೇಜಿನ ಹುಡುಗರು, ಸಂಜೆ ಇವಳಂಥವರು ಅದರ ಬೆನ್ನೇರುತ್ತಾರೆ. ಎಲ್ಲರ ಕೈಯನ್ನೂ ಕಂಡ ಇಂಥ ಕುದುರೆ ಬೇಗ ಬೆದರುವುದಿಲ್ಲ. ಅಷ್ಟೇ ಬೇಗ ಮಾತನ್ನೂ ಕೇಳುವುದಿಲ್ಲ. ಹಿಮ್ಮಡಿಯ ಸೂಚನೆ ಅರೆಬರೆಯಾಗಿದ್ದರೆ ಕಿವಿಯನ್ನೂ ಆಡಿಸದೆ ತನ್ನ ನಡೆಯಲ್ಲಿಯೇ ಸಾಗುತ್ತದೆ. “ಮಾವಾ, ಅದು ಸುಳ್ಳು ಹೇಳುವುದಿಲ್ಲ. ನಾನು ತಪ್ಪಾಗಿ ಕೇಳಿದರೆ ತಪ್ಪನ್ನೇ ಮಾಡಿ ತೋರಿಸುತ್ತದೆ” ಎಂದಳು.

ಈ ಮಾತು ಕೇಳಿ ನನಗೆ ಇದೇ ನೆಲದ ಕಂಬಳ ನೆನಪಾಯಿತು. ಅಲ್ಲಿಯೂ ಕೋಣಗಳು ಯಜಮಾನರವು, ಓಡಿಸುವವರು ಬೇರೆ. 2020ರ ಫೆಬ್ರವರಿ 1ರಂದು ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ಹೆಸರಾದ, ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರೂ ಅಂಥ ಓಟಗಾರರೇ. ಪ್ರಾಣಿ ತನ್ನದಲ್ಲದಿದ್ದರೂ ಅದರೊಡನೆ ಬೆಳೆಸಿಕೊಂಡ ಹೊಂದಾಣಿಕೆ ತನ್ನದು.

ಕಳೆದ ಡಿಸೆಂಬರಿನಲ್ಲಿ ಒಂದು ಸಣ್ಣ ಸ್ಪರ್ಧೆಗೆ ಅವಳು ಹೆಸರು ಕೊಟ್ಟಳು. ಅಂಗಳದಲ್ಲಿ ಬಹುತೇಕ ಎಲ್ಲರೂ ಅವಳ ಮಗಳ ವಯಸ್ಸಿನವರು. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲವಂತೆ. ಮುರಿದು ಕೂಡಿಕೊಂಡ ಮೂಳೆ ಇದ್ದಕ್ಕಿದ್ದಂತೆ ನೋಯತೊಡಗಿತಂತೆ. ಒಳಗೆ ಬಂದು, ನಡುವೆ ನಿಲ್ಲಿಸಿ, ತಲೆಬಾಗಿ ವಂದಿಸುವಷ್ಟು ಸರಿಯಾಗಿಯೇ ನಡೆಯಿತು. ಆದರೆ ಕ್ಯಾಂಟರ್ ಎಂಬ ನೆಗೆತದ ಓಟಕ್ಕೆ ಕುದುರೆಯನ್ನು ಏಳಿಸಬೇಕಾದ ಅಕ್ಷರ ಹತ್ತಿರವಾದಾಗ ಹಳೆಯ ಬೀಳು ಕಣ್ಣ ಮುಂದೆ ಬಂತು. ಅರಿವಿಲ್ಲದೆ ಲಗಾಮನ್ನು ಬಿಗಿಹಿಡಿದಳು. ಓಟದ ಮೈದಾನದಲ್ಲಿ ಪಳಗಿದ ಕುದುರೆ ಬಿಗಿದ ಲಗಾಮಿಗೆ ಒರಗಿಕೊಂಡು ಮುಂದಕ್ಕೆ ಎಳೆಯಿತು. ಅಕ್ಷರವೂ ದಾಟಿತು, ನಡೆಯೂ ಕೆಟ್ಟಿತು. ಆ ಚಲನೆಗೆ ಬಂದ ಅಂಕ 4.

“ಆಗ ಇಳಿದುಬಿಡಬೇಕೆನಿಸಿತು, ಮಾವಾ. ಆದರೆ ಇನ್ನೂ ಅರ್ಧ ಬಾಕಿಯಿತ್ತು. ಉಸಿರು ಬಿಟ್ಟೆ, ಬೆರಳು ಸಡಿಲಿಸಿದೆ. ಅದೂ ಕೊರಳು ಇಳಿಸಿತು” ಎಂದಳು. ಎರಡನೆಯ ಸಲ ಕೇಳಿದಾಗ ಕುದುರೆ ಸರಿಯಾಗಿ ಎದ್ದಿತು. ಕೊನೆಯ ನಿಲುಗಡೆಗೆ 7 ಬಂತು. ಒಟ್ಟು ಶೇಕಡಾ 57. ಹನ್ನೊಂದು ಜನರಲ್ಲಿ ಒಂಬತ್ತನೆಯ ಸ್ಥಾನ. ತೀರ್ಪುಗಾರರ ಹಾಳೆಯನ್ನು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದ್ದಾಳೆ. ಸೀರೆ ತೆಗೆಯುವಾಗಲೆಲ್ಲ ಕಾಣುತ್ತದೆ.

ಅಂದು ನಾನು ಹೇಳಿದ ಉಪನಿಷತ್ತಿನ ದೃಷ್ಟಾಂತವನ್ನು ಮತ್ತೆ ಯೋಚಿಸಿದೆ. ಮನಸ್ಸನ್ನು ಲಗಾಮೆಂದ ಋಷಿ ಅದನ್ನು ಬಿಗಿದು ಕಟ್ಟಿಡೆಂದು ಹೇಳಲಿಲ್ಲ. ಅದು ಸಾರಥಿಯ ಕೈಯಲ್ಲಿರಬೇಕೆಂದ. ಬಿಗಿಯುವುದು ಭಯದ ಕೆಲಸ, ಹಿಡಿಯುವುದು ವಿವೇಕದ ಕೆಲಸ. ಈ ಭೇದವನ್ನು ನಲವತ್ತು ವರ್ಷ ಪಾಠ ಹೇಳಿದ ನನಗೆ ತಿಳಿಸಿಕೊಟ್ಟವರು ಒಬ್ಬ ಗೃಹಿಣಿ ಮತ್ತು ಒಂದು ಮುದಿ ಕುದುರೆ.

ವಯಸ್ಸು ಮೀರಿತೆನ್ನುವವರಿಗೆ ಎರಡು ಸಂಗತಿಗಳು. ಒಲಿಂಪಿಕ್ಸಿನಲ್ಲಿ ಈ ಸ್ಪರ್ಧೆ ಬಹುಕಾಲ ಸೇನಾಧಿಕಾರಿಗಳಿಗೆ ಮಾತ್ರ ಮೀಸಲಾಗಿತ್ತು. 1952ರಲ್ಲಿ ಹೆಂಗಸರಿಗೂ ತೆರೆಯಿತು. ಆ ವರ್ಷವೇ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆ, ಪೋಲಿಯೋದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿದ್ದರೂ, ಕುದುರೆ ಏರಲು ಇಳಿಯಲು ಪರರ ನೆರವು ಬೇಕಾಗಿದ್ದರೂ, ಬೆಳ್ಳಿಯ ಪದಕ ಗೆದ್ದರು. ಜಪಾನಿನ ಹಿರೋಶಿ ಹೊಕೆತ್ಸು 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಸವಾರಿ ಮಾಡಿ, ಉದ್ಯೋಗದ ವರ್ಷಗಳನ್ನು ಕಳೆದು, 2008ರಲ್ಲಿ ಮರಳಿ ಬಂದರು. 2012ರ ಲಂಡನ್ನಿನಲ್ಲಿ 71ರ ವಯಸ್ಸಿನಲ್ಲಿಯೂ ಅಂಗಳಕ್ಕಿಳಿದರು. ನಮ್ಮವರೂ ಹಿಂದುಳಿದಿಲ್ಲ. ಬೆಂಗಳೂರಿನ ಫೌಆದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದದ್ದು ಮೂರು ಹಂತಗಳ ಸ್ಪರ್ಧೆಯಲ್ಲಿ, ಅದರ ಮೊದಲ ಹಂತ ಡ್ರೆಸಾಜೇ. 2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನೂಷ್ ಅಗರ್‌ವಾಲಾ ಇವರ ತಂಡ ಡ್ರೆಸಾಜಿನ ಚಿನ್ನ ಗೆದ್ದಿತು. ಏಷ್ಯನ್ ಕೂಟದ ಅಶ್ವಸ್ಪರ್ಧೆಯಲ್ಲಿ ಭಾರತಕ್ಕೆ 41 ವರ್ಷಗಳ ಮೇಲೆ ದೊರೆತ ಚಿನ್ನವದು. ಇಲ್ಲಿ ಗಂಡು ಹೆಣ್ಣೆಂಬ ಪ್ರತ್ಯೇಕ ಪಂಗಡಗಳಿಲ್ಲ. ಎಲ್ಲರಿಗೂ ಒಂದೇ ಅಂಗಳ.

ಇದನ್ನೋದಿ ಯಾರೂ ನಾಳೆಯೇ ಕುದುರೆ ಏರಬೇಕಾಗಿಲ್ಲ. ಏರುವವರು ವೈದ್ಯರನ್ನು ಕೇಳಿ, ಗಟ್ಟಿಯಾದ ಶಿರಸ್ತ್ರಾಣ ತೊಟ್ಟು, ನುರಿತ ಶಿಕ್ಷಕರ ಎದುರಿನಲ್ಲಿ ಶಾಂತವಾದ ಶಾಲೆಯ ಕುದುರೆಯಿಂದಲೇ ತೊಡಗಬೇಕು. ಬೀಳುವ ಅಪಾಯ ಸುಳ್ಳಲ್ಲ. ಆದರೆ ನಿಮ್ಮ ಮನೆಯ ಹೆಣ್ಣುಮಗಳು ಬಿಟ್ಟುಬಂದದ್ದು ವೀಣೆಯಿರಬಹುದು, ಚಿತ್ರಕಲೆಯಿರಬಹುದು, ಅರ್ಧಕ್ಕೆ ನಿಂತ ಓದಿರಬಹುದು. ಅದು ಏನೆಂದು ಒಮ್ಮೆ ಕೇಳಿ. ನನ್ನಂತೆ ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು ಕೇಳಬೇಡಿ.

ನಿನ್ನೆ ಸಂಜೆ ಜಗಲಿಯಲ್ಲಿ ಕುಳಿತಾಗ ಅವಳಿಗೆ ನನ್ನ ತಪ್ಪನ್ನು ಒಪ್ಪಿಕೊಂಡೆ. “ಅಂದು ನಾನು ಹಾಗೆ ಹೇಳಬಾರದಾಗಿತ್ತು, ಮಗಳೇ” ಎಂದೆ. ಅವಳು ಬಹಳ ಹೊತ್ತು ನದಿಯ ಕಡೆ ನೋಡಿದಳು. ‘ಇರಲಿ ಬಿಡಿ’ ಎನ್ನುವಳೆಂದು ಕಾದೆ, ಅನ್ನಲಿಲ್ಲ. ಕೊನೆಗೆ, “ಮುಂದಿನ ಸ್ಪರ್ಧೆಗೆ ನೀವೂ ಬನ್ನಿ, ಮಾವಾ. ಬಿಸಿಲಿರುತ್ತದೆ, ಕೊಡೆ ತನ್ನಿ” ಎಂದಳು.

ಹೋಗುತ್ತೇನೆ. ಆ ಕುದುರೆಯ ಕೊರಳನ್ನು ಒಮ್ಮೆ ಸವರಬೇಕು.