ಯಾದಿಯಿಲ್ಲದ ಮದುವೆ

ಮದುವೆಯ ಸಿದ್ಧತೆಯನ್ನೇ ವಸ್ತುವಾಗುಳ್ಳ ವಿನೋದಕಥೆಗಳು ದೂರದರ್ಶನದಲ್ಲಿ ಬಗೆಬಗೆಯಾಗಿ ಬರುತ್ತಿವೆ. ಹಂದರದ ಅಲಂಕಾರ, ಬೀಗರ ಬಿಗುಮಾನ, ವಧೂವರರ ಹುಸಿಮುನಿಸು, ಇವೇ ಅಲ್ಲಿನ ತೊಡಕುಗಳು. ಕೊನೆಗೆ ಎಲ್ಲವೂ ನಗೆಯಲ್ಲಿ ಕರಗುತ್ತವೆ. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ಕುಳಿತು ನೋಡುವ ನನಗೆ ಒಂದು ಕೊರತೆ ಎದ್ದು ಕಾಣುತ್ತದೆ: ಅಲ್ಲಿ ಯಾದಿಯ ಮಾತೇ ಬರುವುದಿಲ್ಲ.

ನಮ್ಮ ಕಡೆ ಹಿರಿಯರು ಕುಳಿತು ಬಂಗಾರವೆಷ್ಟು, ಜವಳಿ ಯಾರದು, ಊಟ ಯಾರದು ಎಂದು ಯಾದಿ ಬರೆಸಿದ ಮೇಲೆಯೇ ಮದುವೆ ನಿಶ್ಚಯವಾದಂತೆ. ವರದಕ್ಷಿಣೆಯನ್ನು 1961ರ ಕಾಯಿದೆ ನಿಷೇಧಿಸಿದೆ. ಮನಸಾರೆ ಕೊಟ್ಟ ಉಡುಗೊರೆಗಳ ಪಟ್ಟಿಯನ್ನು ಮದುವೆಯ ಹೊತ್ತಿಗೆ ಬರೆದಿಡಬೇಕೆಂದು 1985ರ ನಿಯಮಗಳು ವಿಧಿಸುತ್ತವೆ. ನಮ್ಮ ಯಾದಿಯಾದರೋ ಕೊಡುವ ಮೊದಲೇ ಸಿದ್ಧವಾಗುತ್ತದೆ. ಅದು ದಾಖಲೆ, ಇದು ಬೇಡಿಕೆ. ಹೆಣ್ಣು ಹೆತ್ತವರ ಹೊಲ ಅಡವಿಗೆ ಬೀಳುವುದು ಈ ಅಂತರದಲ್ಲಿಯೇ.

ವಿನೋದವು ಇಂಥ ವಿಷಯಕ್ಕೆ ಅಂಜಬೇಕಾಗಿಲ್ಲ. 1887ರಷ್ಟು ಹಿಂದೆಯೇ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ದಲ್ಲಿ ಕನ್ಯಾವಿಕ್ರಯವನ್ನು ನಗೆಗೀಡು ಮಾಡಿದರು. ಅಂದು ಹೆಣ್ಣಿಗೆ ಬೆಲೆ, ಇಂದು ಗಂಡಿಗೆ; ವ್ಯಾಪಾರ ಮಾತ್ರ ನಿಂತಿಲ್ಲ.

ಯಾದಿ ಓದುವ ದೃಶ್ಯವನ್ನು ಪರದೆಯ ಮೇಲೆ ಕಂಡು ಮನೆಮಂದಿಯೆಲ್ಲ ನಕ್ಕ ದಿನ, ಅದನ್ನು ಬರೆಸುವ ಕೈ ತುಸುವಾದರೂ ತಡೆದೀತು.