ವರದಿ ಮೊದಲು ರೋಗಿಯ ಕೈಗೆ

ಮಲೇರಿಯಾ ಬಂದರೆ ಮಂಗಳೂರಿನವರು ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ “ನನಗೂ ಬಂದಿತ್ತು ಮಾರಾಯ್ರೆ, ವೈವಾಕ್ಸ್” ಎಂದು ರೋಗಾಣುವಿನ ಜಾತಿ ಸಮೇತ ಹೇಳುತ್ತಾರೆ. ಪಾಲಿಕೆಯವರು ಮನೆ ಸುತ್ತ ಫಾಗಿಂಗ್ ಮಾಡಿದರೆ ಯಾರಿಗೂ ಅವಮಾನವಿಲ್ಲ. ತೊಂಬತ್ತರ ದಶಕದಲ್ಲಿ ಇಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿ, ತಾರಸಿ ಮತ್ತು ಟ್ಯಾಂಕಿಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚಿದ ಮೇಲೆ ಊರು ಈ ಜ್ವರಕ್ಕೆ ಒಗ್ಗಿಹೋಯಿತು. ಲ್ಯಾಬ್ ಟೆಕ್ನೀಷಿಯನ್ ಆಗಿದ್ದು ನಿವೃತ್ತನಾದ ನನಗೆ ಆಗಿನ ಮಳೆಗಾಲವೆಂದರೆ ರಕ್ತದ ಸ್ಲೈಡುಗಳ ರಾಶಿ.

ಅದೇ ಮೇಜಿಗೆ ಕಫದ ಸ್ಲೈಡೂ ಬರುತ್ತಿತ್ತು. ಕಾರ್ಬಾಲ್ ಫುಕ್ಸಿನ್ ಸುರಿದು, ಹಬೆಯೇಳುವಷ್ಟು ಕಾಯಿಸಿ, ಆಸಿಡ್‌ನಲ್ಲಿ ತೊಳೆದು, ಮೇಲೆ ಮೆಥಿಲಿನ್ ಬ್ಲೂ ಹಾಕಿ ನೋಡಿದರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು. ಅಂದರೆ ಟಿ.ಬಿ. ಈ ವರದಿಗೆ ಬಂದವರು ಮಾತ್ರ ಕೌಂಟರಿನಲ್ಲಿ ದನಿ ತಗ್ಗಿಸುತ್ತಿದ್ದರು. ಎಷ್ಟೋ ಸಲ ಬಂದವರು ರೋಗಿಯೇ ಅಲ್ಲ; ಕಟ್ಟಡದ ಮೇಸ್ತ್ರಿಯೋ, ಪಿ.ಜಿ. ನಡೆಸುವ ಮಾಲಕಿಯೋ ಆಗಿರುತ್ತಿದ್ದರು. “ಅವನಿಗೆ ಎಂತ ಬಂದದ್ದು? ಒಂದೇ ಶೆಡ್ಡಿನಲ್ಲಿ ಹತ್ತು ಜನ ಮಲಗುವುದು, ನಮಗೆ ಗೊತ್ತಾಗಬೇಕಲ್ವಾ?”

ಪ್ರಶ್ನೆ ನ್ಯಾಯವಾದದ್ದೇ. ಟಿ.ಬಿ. ಗಾಳಿಯಲ್ಲಿ ಹರಡುವ ರೋಗ. ಪಕ್ಕದಲ್ಲಿ ಮಲಗಿದವನಿಗೆ ತಿಳಿಯಬೇಕು, ಅವನ ತಪಾಸಣೆಯೂ ಆಗಬೇಕು. ಆದರೆ ಮೇಸ್ತ್ರಿಗೆ ಹೇಳಿದ ಸಂಜೆಯೇ ಆ ಹುಡುಗ ಊರಿನ ರೈಲು ಹತ್ತಿರುತ್ತಾನೆ. ಆರು ತಿಂಗಳ ಔಷಧ ಶುರುವಾಗುವುದೇ ಇಲ್ಲ, ಇಲ್ಲವೇ ಅರ್ಧಕ್ಕೆ ನಿಲ್ಲುತ್ತದೆ. ಶೆಡ್ಡಿನಲ್ಲಿ ಉಳಿದ ಒಂಬತ್ತು ಮಂದಿಯ ಎದೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಓಡಿಸಿದ ಕೂಡಲೇ ರೋಗವೂ ಹೋಯಿತೆಂಬ ನೆಮ್ಮದಿ ಅಷ್ಟೆ.

ಹೇಳಬೇಕಾದವರಿಗೆ ಹೇಳಲು ದಾರಿ ಇಲ್ಲವೆಂದಲ್ಲ. 2012ರಿಂದ ಟಿ.ಬಿ. ಪ್ರಕರಣವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. 2018ರ ಆದೇಶದಲ್ಲಿ ಔಷಧದ ಅಂಗಡಿಗಳನ್ನೂ ಸೇರಿಸಲಾಗಿದೆ. ಆ ಮಾಹಿತಿ ಹಿಡಿದು ಆರೋಗ್ಯ ಕಾರ್ಯಕರ್ತರು ಬಂದು ಜೊತೆಗಿದ್ದವರನ್ನು ಪರೀಕ್ಷಿಸಬೇಕು, ಅಗತ್ಯವಿದ್ದವರಿಗೆ ಮುಂಜಾಗ್ರತೆಯ ಮಾತ್ರೆ ಕೊಡಬೇಕು. ಈ ಕೆಲಸಕ್ಕೆ ಮೇಸ್ತ್ರಿಯ ಪಂಚಾಯ್ತಿಕೆ ಬೇಕಿಲ್ಲ.

ಎಚ್‌ಐವಿ ವಿಷಯದಲ್ಲಿ ಊರಿನ ಕುತೂಹಲ ಇನ್ನೂ ವಿಚಿತ್ರ. ಒಟ್ಟಿಗೆ ಉಂಡರೆ, ಒಂದೇ ಕೋಣೆಯಲ್ಲಿ ಮಲಗಿದರೆ ಹರಡದ ಸೋಂಕು ಅದು, ಆದರೂ ಎಲ್ಲರಿಗೂ ತಿಳಿಯಬೇಕಾದದ್ದು ಅದೇ! 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ರೋಗಿಯ ಒಪ್ಪಿಗೆಯಿಲ್ಲದೆ ವಿಷಯ ಹೊರಗೆ ಹೋಗುವಂತಿಲ್ಲ. ಸಂಗಾತಿಗೆ ಅಪಾಯವಿದ್ದು, ರೋಗಿ ತಾನಾಗಿ ಹೇಳಲಾರನೆಂದು ಖಾತ್ರಿಯಾದರೆ ವೈದ್ಯರು ಅಥವಾ ಆಪ್ತಸಮಾಲೋಚಕರು ಅವನಿಗೆ ಮೊದಲೇ ತಿಳಿಸಿ ಸಂಗಾತಿಗೆ ಹೇಳಬಹುದು. ಹೇಳಿದರೆ ಸೋಂಕಿತ ಹೆಂಗಸಿಗೆ ಹೊಡೆತವೋ ಬೀದಿಯೋ ಗತಿಯಾಗುವ ಭಯವಿದ್ದಲ್ಲಿ ಹೇಳಬಾರದು ಎಂದೂ ಕಾಯ್ದೆ ಹೇಳುತ್ತದೆ. ನನಗೆ ಇದು ಸರಿಯೆನಿಸುತ್ತದೆ. ತನಗೆ ಗೊತ್ತಿದ್ದೂ ಹೆಂಡತಿಗೆ ತಿಳಿಸದ ಗಂಡನದು ಶುದ್ಧ ಮೋಸ. ಅವನ ಪರ ನಾನು ಮಾತಾಡಲಾರೆ. ಆದರೆ ಹೆಂಡತಿಗಿರುವ ಹಕ್ಕು ಅತ್ತೆಗೂ ಆಫೀಸಿಗೂ ಇಲ್ಲ.

ಗಲ್ಫ್ ಕೆಲಸಕ್ಕೆ ಹೊರಟವರ ಮೆಡಿಕಲ್ ತಪಾಸಣೆಯ ಕತೆ ಈ ಊರಿಗೆ ಹೊಸತಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಎಕ್ಸ್‌ರೇಯಲ್ಲಿ ಎಂದೋ ವಾಸಿಯಾದ ಟಿ.ಬಿ.ಯ ಕಲೆ, ಯಾವುದಿದ್ದರೂ ‘ಅನ್‌ಫಿಟ್’. ಎಷ್ಟೋ ಹುಡುಗರಿಗೆ ಆ ಸುದ್ದಿ ಮುಟ್ಟುವುದು ಏಜೆಂಟನ ಬಾಯಿಂದ. ಕಾರಣ ಕೇಳುವಷ್ಟರಲ್ಲಿ ಓಣಿಯವರೇ ಒಂದು ಕಾರಣ ಹುಟ್ಟಿಸಿರುತ್ತಾರೆ.

ಎಲ್ಲರಿಗೂ ಗೊತ್ತಾದರೆ ಊರು ಸುರಕ್ಷಿತ ಎನ್ನುವವರು 2020ನ್ನು ನೆನೆಯಲಿ. ಕೈಗೆ ಮುದ್ರೆ ಒತ್ತಿದ್ದಾಯಿತು, ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯೇ ಸರ್ಕಾರದಿಂದ ಹೊರಬಂತು. ಆ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ ಹೆಂಗಸೊಬ್ಬರ ಶವ ಸುಡಲು ನಮ್ಮೂರಿನ ಪಚ್ಚನಾಡಿಯಲ್ಲಿ ಜನ ಬಿಡಲಿಲ್ಲ. ಕೊನೆಗೆ ಅಂತ್ಯಕ್ರಿಯೆ ನಡೆದದ್ದು ಬಂಟ್ವಾಳದಲ್ಲಿ. ಸತ್ತವರು ಕೆಮ್ಮುವುದಿಲ್ಲ ಎಂಬಷ್ಟು ತಿಳಿವಳಿಕೆಯನ್ನೂ ಆ ಬಹಿರಂಗ ಪಟ್ಟಿಗಳು ನಮಗೆ ಕೊಟ್ಟಿರಲಿಲ್ಲ.

ಈಗ ವರದಿ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ರಕ್ತ ಕೊಡಲು ಕರೆತಂದವರು ಬರೆಸಿದ ನಂಬರಿಗೇ ಪಿಡಿಎಫ್ ಹೋಗುತ್ತದೆ, ಅಲ್ಲಿಂದ ಗುಂಪಿಗೆ. ಆದ್ದರಿಂದ ಲ್ಯಾಬಿನ ಕೌಂಟರಿನಲ್ಲಿ ಕೂತ ಮಕ್ಕಳಿಗೆ ನನ್ನ ಕೋರಿಕೆ ಇಷ್ಟೆ: ನಂಬರನ್ನು ರೋಗಿಯ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಅವರ ಬಳಿ ಫೋನ್ ಇಲ್ಲದಿದ್ದರೆ ಕಾಗದವನ್ನು ಲಕೋಟೆಗೆ ಹಾಕಿ, ಅಂಟಿಸಿ, ಅವರ ಕೈಗೇ ಕೊಡಿ. ಮೇಸ್ತ್ರಿ ಬಿಲ್ ಕಟ್ಟಿದ್ದರೆ ಅವನಿಗೆ ಬಿಲ್ಲಿನ ರಶೀದಿ ಕೊಟ್ಟರೆ ಸಾಕು.