ಹೋರಾಟ ಯಾರದು, ಹೆಸರು ಯಾರದು?

ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬ್ರಿಟಿಷರು 1860ರಲ್ಲಿ ಬರೆದಿಟ್ಟ ದಂಡ ಸಂಹಿತೆಯ 377ನೇ ಕಲಮಿನ ಹಿಡಿತ ಅಂದು ಸಡಿಲವಾಯಿತು. ಆ ಪ್ರಕರಣ ನವತೇಜ್ ಸಿಂಗ್ ಜೋಹರ್ ಅವರ ಹೆಸರಿನಲ್ಲಿ ದಾಖಲಾಗಿದೆ. ಮೊದಲ ಅರ್ಜಿದಾರರ ಹೆಸರಿಡುವುದು ಕೋರ್ಟಿನ ರೂಢಿ, ಅದರಲ್ಲಿ ತಪ್ಪಿಲ್ಲ. ಆದರೆ ಈ ಹೋರಾಟದ ಭಾರ ಹೊತ್ತ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರನ್ನು ಸಮಾಜ ಮರೆತಿರುವುದು ಖೇದಕರ.

ನಮ್ಮ ಮುಂಬಯಿಯನ್ನೇ ನೋಡೋಣ. 1998ರ ಡಿಸೆಂಬರಿನಲ್ಲಿ ದೀಪಾ ಮೆಹ್ತಾ ಅವರ 'ಫೈರ್' ಚಿತ್ರ ನಡೆಯುತ್ತಿದ್ದ ಇಲ್ಲಿನ ಚಿತ್ರಮಂದಿರಗಳ ಮೇಲೆ ದಾಳಿಯಾಯಿತು. ದಿಲ್ಲಿಗೂ ಅದು ಹಬ್ಬಿದಾಗ, ನಾವೂ ಈ ದೇಶದವರೇ ಎಂದು ಫಲಕ ಹಿಡಿದು ಬೀದಿಗಿಳಿದವರು ಸಲಿಂಗಿ ಸ್ತ್ರೀಯರು. ಹೆಸರು ಹೊರಬಿದ್ದರೆ ಮನೆ, ಬಾಡಿಗೆಯ ಖೋಲಿ, ನೌಕರಿ ಮೂರೂ ಹೋಗುವ ಕಾಲವದು.

2001ರಲ್ಲಿ 377ನೇ ಕಲಮನ್ನು ದಿಲ್ಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದ ನಾಝ್ ಫೌಂಡೇಶನ್ ಸಂಸ್ಥೆಯನ್ನು ಕಟ್ಟಿದವರು ಅಂಜಲಿ ಗೋಪಾಲನ್ ಎಂಬ ಮಹಿಳೆ. 2004ರಲ್ಲಿ ಅರ್ಜಿ ವಜಾ ಆಯಿತು. ಸಂಸ್ಥೆ ಛಲ ಬಿಡದೆ ಸುಪ್ರೀಂ ಕೋರ್ಟಿಗೆ ಹೋಗಿ, 2006ರಲ್ಲಿ ಮರುವಿಚಾರಣೆಯ ಆದೇಶ ತಂದಿತು. 2009ರ ಜುಲೈ 2ರಂದು ಜಯ ದೊರೆಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಜಯವನ್ನು ಅಳಿಸಿಹಾಕಿದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

2009ರ ಆ ತೀರ್ಪಿನಲ್ಲಿ ಕನ್ನಡ ನಾಡಿನ ನೋವೂ ಇದೆ. 2004ರಲ್ಲಿ ಬೆಂಗಳೂರಿನ ಹಿಜಡಾ ಒಬ್ಬರ ಮೇಲೆ ನಡೆದ ಅತ್ಯಾಚಾರ ಮತ್ತು ಠಾಣೆಯಲ್ಲಿ ಅನುಭವಿಸಿದ ಹಿಂಸೆಯನ್ನು ನ್ಯಾಯಾಲಯ ಅದರಲ್ಲಿ ಉಲ್ಲೇಖಿಸಿದೆ. ಕಾನೂನಿನ ಕ್ರೌರ್ಯಕ್ಕೆ ಅವರ ಬದುಕೇ ಸಾಕ್ಷಿಯಾಯಿತು. 2016ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಇದ್ದರು. ಅದರ ಹಿಂದಿನ ವರ್ಷವಷ್ಟೇ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು. 2018ರ ತೀರ್ಪಿನ ಸಂಭ್ರಮದಲ್ಲಿ ನಮ್ಮ ಎಷ್ಟು ಸಂಘಗಳು ಅವರ ಹೆಸರನ್ನು ನೆನೆದವು?

ಫಲ ಮಾತ್ರ ಎಲ್ಲರ ಕಣ್ಣಿಗೂ ಕಾಣುತ್ತದೆ. ಸ್ತ್ರೀ, ಪುರುಷ ಎಂಬ ಎರಡೇ ಚೌಕಗಳಿದ್ದ ಬ್ಯಾಂಕಿನ ಅರ್ಜಿಗಳಲ್ಲಿ ಮೂರನೆಯ ಚೌಕ ಸೇರಿಸಲು ರಿಸರ್ವ್ ಬ್ಯಾಂಕ್ 2015ರಲ್ಲಿ ಸೂಚಿಸಿತು. ಅದಕ್ಕೆ ಕಾರಣ 2014ರ ಸುಪ್ರೀಂ ಕೋರ್ಟ್ ತೀರ್ಪು. ಆ ಪ್ರಕರಣದಲ್ಲಿ ದನಿ ಎತ್ತಿದವರಲ್ಲಿ ನಮ್ಮ ಪಕ್ಕದ ಠಾಣೆಯ ಲಕ್ಷ್ಮೀ ನಾರಾಯಣ ತ್ರಿಪಾಠಿಯವರೂ ಒಬ್ಬರು. ಲೋಕಲ್ ರೈಲಿನಲ್ಲಿ ಚಪ್ಪಾಳೆ ಕೇಳಿದೊಡನೆ ಕಿಟಕಿಯತ್ತ ಮುಖ ತಿರುಗಿಸುವ ನಾವು, ಆ ಒಂದು ಚೌಕಕ್ಕಾಗಿ ಅವರು ಎಷ್ಟು ಮೆಟ್ಟಿಲು ಹತ್ತಿದರೆಂದು ಯೋಚಿಸಿದ್ದೇವೆಯೇ?

ನಮ್ಮ ಸಂಘಗಳ ವೇದಿಕೆಯಲ್ಲಿ ಸನ್ಮಾನಕ್ಕೆ ಕೊರತೆಯಿಲ್ಲ. ಬರುವ ರಾಜ್ಯೋತ್ಸವದಂದು ಇಂತಹ ಒಬ್ಬರನ್ನಾದರೂ ಮುಖ್ಯ ಅತಿಥಿಯಾಗಿ ಕರೆಯಿರಿ. ಮನರಂಜನೆಗೆಂದಲ್ಲ, ಅವರ ಮಾತು ಕೇಳುವುದಕ್ಕೆ. ಸಭೆಯ ಹಿಂದಿನ ಸಾಲಿನಲ್ಲಿ, ಮನೆಯಲ್ಲಿ ಬಾಯಿಬಿಡಲಾರದ ನಮ್ಮದೇ ಮಗಳೋ ಮಗನೋ ಕುಳಿತಿರಬಹುದು. ಆ ಮಗುವಿಗೆ ಅಂದು ಸಿಗುವ ಧೈರ್ಯ ಯಾವ ಶಾಲು, ಫಲಪುಷ್ಪಕ್ಕಿಂತಲೂ ದೊಡ್ಡದು.